ಹಾಡುವ ಪೆಟ್ಟಿಗೆಯ ಜೀವಾಳ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತಮ್ಮ ಕೊರತೆಯನ್ನು ಮುಚ್ಚಿಕೊಂಡು ಅನ್ಯರ ಮೇಲೆ ತಪ್ಪು ಹೊರಿಸುವವರನ್ನು ಕಂಡಾಗ ಈ ಗಾದೆಯನ್ನು ಹೇಳಿ ನಗುತ್ತೇವೆ. ಆದರೆ ಲೋಕದಲ್ಲಿ ಇದಕ್ಕೆ ತೀರ ವಿರುದ್ಧವಾದ ಸಂಗತಿಯೂ ನಡೆಯುವುದುಂಟು. ನೆಲವು ನಿಜವಾಗಿಯೇ ಡೊಂಕಾಗಿರುತ್ತದೆ. ಕುಣಿಯುವವರು ಮಾತ್ರ ತಮ್ಮ ಕಾಲಿನಲ್ಲಿಯೇ ದೋಷವಿದೆಯೆಂದು ಬಗೆದು, ಗೆಜ್ಜೆಯನ್ನು ಬಿಚ್ಚಿಟ್ಟು ಮೂಲೆಯಲ್ಲಿ ಕುಳಿತುಬಿಡುತ್ತಾರೆ. ವಯಸ್ಸಾದವರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ದೀಪ ಮಂಕಾದರೆ ಕಣ್ಣು ಮಂಜಾಯಿತೆನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ ನಾಲಗೆ ಕೆಟ್ಟಿತೆನ್ನುತ್ತಾರೆ. ಸುತ್ತಲಿರುವ ನಾವೂ ಅದನ್ನು ಸುಲಭವಾಗಿ ಒಪ್ಪಿಕೊಂಡುಬಿಡುತ್ತೇವೆ. ನಮ್ಮ ಮನೆಯಲ್ಲಿ ನಡೆದ ಇಂತಹುದೊಂದು ಸಣ್ಣ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಡುಮನೆ, ಜಗಲಿಗಳುಳ್ಳ ಹಿಂದಿನ ಕಾಲದ ಮನೆ. ಮನೆಯ ಯಜಮಾನರು ನನ್ನ ಮಾವನವರು. ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ವಿಶ್ರಾಂತಿ ಪಡೆದವರು. ಸಂಗೀತವೆಂದರೆ ಅವರಿಗೆ ಪ್ರಾಣ. ನಡುಮನೆಯ ಎರಡು ಮೂಲೆಗಳಲ್ಲಿ, ಬಾಗಿಲ ಕಾಯುವ ಜಯವಿಜಯರಂತೆ, ಎರಡು ಮರದ ಧ್ವನಿಪೆಟ್ಟಿಗೆಗಳು ನಿಂತಿವೆ. 1984ರಲ್ಲಿ ಮಾವನವರು ಎರಡು ವರ್ಷ ಹಣ ಕೂಡಿಟ್ಟು ಅವನ್ನು ಕೊಂಡರಂತೆ. ಅತ್ತೆಯವರು ಆಗ ಬಳೆ ಮಾಡಿಸಿಕೊಳ್ಳಬೇಕೆಂದಿದ್ದರೆಂದೂ, ‘ಬಳೆ ಹಾಡುವುದಿಲ್ಲ, ಪೆಟ್ಟಿಗೆ ಹಾಡುತ್ತದೆ’ ಎಂದು ತಾವೇ ಬಿಟ್ಟುಕೊಟ್ಟರೆಂದೂ ಮನೆಯಲ್ಲಿ ಹೇಳುವುದುಂಟು.

ಅತ್ತೆಯವರು ಕಚೇರಿ ಮಾಡಿದವರಲ್ಲ. ಆದರೆ ಕ್ರಮವಾಗಿ ಕಲಿತವರು, ಒಳ್ಳೆಯ ಶಾರೀರವಿದ್ದವರು. 1988ರ ಗೌರಿಹಬ್ಬದ ಸಂಜೆ ತಾವೇ ತಂಬೂರಿ ಮೀಟಿಕೊಂಡು ಅವರು ಹಾಡಿದುದನ್ನು ಮಾವನವರು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. 2011ರಲ್ಲಿ ಅತ್ತೆಯವರು ತೀರಿಕೊಂಡರು. ಆ ಮೇಲೆ ಪ್ರತಿವರ್ಷವೂ ಗೌರಿಹಬ್ಬದ ದೀಪ ಹಚ್ಚಿದ ತರುವಾಯ ಆ ಕ್ಯಾಸೆಟ್ಟನ್ನು ಹಾಕುವುದು ನಮ್ಮ ಮನೆಯ ಪದ್ಧತಿಯಾಯಿತು. ಆಗ ಯಾರೂ ಮಾತನಾಡುವಂತಿರಲಿಲ್ಲ.

ಹೀಗಿರಲು, 2019ರ ಸುಮಾರಿಗೆ ಮಾವನವರು ಹಾಡನ್ನು ಕೇಳುತ್ತ ಕೇಳುತ್ತ ತಲೆಯಲ್ಲಾಡಿಸತೊಡಗಿದರು. ಅದು ಮೆಚ್ಚಿಗೆಯ ತಲೆದೂಗಲ್ಲ. ‘ಹಾಡು ಕೇಳಿಸುತ್ತದಮ್ಮ, ತಂಬೂರಿ ಕೇಳಿಸುವುದಿಲ್ಲ. ಏನೋ ಗುಂಯ್ ಎನ್ನುತ್ತದೆ, ಅಷ್ಟೇ. ಜೀವಾಳ ಹೋಗಿದೆ’ ಎಂದರು. ಮರುವರ್ಷ, ‘ಸಾಹಿತ್ಯವೂ ತಿಳಿಯುವುದಿಲ್ಲ. ಸಕಾರ ಶಕಾರಗಳೆಲ್ಲ ಒಂದೇ ಆಗಿವೆ’ ಎಂದರು. ಅದರ ಮರುವರ್ಷ ಏನೂ ಹೇಳಲಿಲ್ಲ. ರಾಮನವಮಿಯ ದಿನಗಳಲ್ಲಿ ಬಿಡಾರಂ ಕೃಷ್ಣಪ್ಪನವರ ಪ್ರಸನ್ನ ಸೀತಾರಾಮ ಮಂದಿರದ ಕಚೇರಿಗಳಿಗೆ ತಪ್ಪದೆ ಹೋಗುತ್ತಿದ್ದವರು ಅದನ್ನೂ ನಿಲ್ಲಿಸಿದರು. ‘ಕಿವಿ ಹೋದವನು ಮುಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುವುದು ಹಾಡುವವರಿಗೆ ಮಾಡುವ ಅವಮಾನ’ ಎಂಬುದು ಅವರು ಕೊಟ್ಟ ಕಾರಣ. 2023ರ ಬೇಸಿಗೆಯಲ್ಲಿ ಒಂದು ದಿನ, ‘ಆ ಪೆಟ್ಟಿಗೆಗಳನ್ನು ಗುಜರಿಯವನಿಗೆ ಕೊಟ್ಟುಬಿಡಿ. ಜಾಗವಾದರೂ ಆಗಲಿ’ ಎಂದುಬಿಟ್ಟರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಕೆಪಾಸಿಟರೆಂದರೇನು, ಅದು ಹೇಗೆ ಕೆಡುತ್ತದೆ ಎಂಬುದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ಒಪ್ಪಿಸುವವಳು. ಆದರೂ ದೀಪದ ಬುಡದಲ್ಲಿಯೇ ಕತ್ತಲೆ. ಮಾವನವರ ಮಾತನ್ನು ಕೇಳಿ, ‘ವಯಸ್ಸಾಯಿತಲ್ಲ’ ಎಂದು ಮನಸ್ಸಿನಲ್ಲಿಯೇ ಅಂದುಕೊಂಡು ಸುಮ್ಮನಿದ್ದೆನೇ ಹೊರತು, ಒಂದು ದಿನವೂ ಪೆಟ್ಟಿಗೆಯ ಮೇಲೆ ನನಗೆ ಅನುಮಾನ ಹುಟ್ಟಲಿಲ್ಲ. ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ನನ್ನ ಕಣ್ಣು ತೆರೆಸಿದವಳು ಹದಿನಾಲ್ಕು ವರ್ಷದ ನನ್ನ ಮಗಳು. ಪೆಟ್ಟಿಗೆಗಳು ಗುಜರಿಗೆ ಹೋಗುವ ಮೊದಲು ಒಮ್ಮೆ ಅಜ್ಜಿಯ ಹಾಡನ್ನು ಕೇಳಬೇಕೆಂದು ಅವಳು ಹಟ ಹಿಡಿದು ಕ್ಯಾಸೆಟ್ಟು ಹಾಕಿದಳು. ಎರಡು ನಿಮಿಷ ಕೇಳಿ, ‘ಅಮ್ಮ, ಅಜ್ಜಿ ಕಂಬಳಿ ಹೊದ್ದುಕೊಂಡು ಹಾಡಿದ್ದಾರಾ?’ ಎಂದಳು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತವಳು ಹಾಗೆಯೇ ನಿಂತೆ. ಹದಿನಾಲ್ಕು ವರ್ಷದವಳ ಕಿವಿಗೆ ಮುಪ್ಪೆಲ್ಲಿಂದ ಬಂದೀತು? ಅವಳಿಗೂ ಮಂಕಾಗಿ ಕೇಳಿಸಿದ ಮೇಲೆ ತಪ್ಪು ಕೇಳುವವರದಲ್ಲ. ಅದು ಕ್ಯಾಸೆಟ್ಟಿನದಾಗಿರಬೇಕು, ಇಲ್ಲವೆ ಅದನ್ನು ನುಡಿಸುವ ಯಂತ್ರದ್ದಾಗಿರಬೇಕು, ಇಲ್ಲವೆ ಪೆಟ್ಟಿಗೆಗಳದಾಗಿರಬೇಕು. ಆಪಾದಿತರು ಮೂವರು, ಶಿಕ್ಷೆ ಅನುಭವಿಸುತ್ತಿದ್ದವರು ಮಾತ್ರ ನಾಲ್ಕನೆಯವರು.

ವಿಚಾರಣೆಯನ್ನು ಅಂದೇ ಆರಂಭಿಸಿದೆನು. ಟೇಪು ಹಾದುಹೋಗುವ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿದೆನು. ಕಂದು ಬಣ್ಣದ ಕೊಳೆ ಬಂದಿತು. ಧ್ವನಿಯೂ ಎಳ್ಳಿನಷ್ಟು ಮೇಲಾಯಿತು. ತರುವಾಯ ಮಗಳ ಹೆಡ್‌ಫೋನನ್ನು ಯಂತ್ರಕ್ಕೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡೆನು. ಅದೇ ಕ್ಯಾಸೆಟ್ಟು, ಅದೇ ಯಂತ್ರ. ಆದರೆ ಅಲ್ಲಿ ತಂಬೂರಿ ಇತ್ತು! ಮೂವತ್ತೈದು ವರ್ಷದ ಟೇಪಾದುದರಿಂದ ಸ್ವಲ್ಪ ಮಾಸಿದ್ದುದು ನಿಜ. ಆದರೂ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳಿಸುತ್ತಿದ್ದುವು. ಹಾಗಾದರೆ ಹಾಡು ಕೆಟ್ಟಿಲ್ಲ, ಹಾಡುವ ಪೆಟ್ಟಿಗೆ ಕೆಟ್ಟಿದೆ. ಮಾವನವರನ್ನು ಕರೆದು ಅವರ ಕಿವಿಗೂ ಹಾಕಿದೆನು. ಒಂದು ನಿಮಿಷ ಕೇಳಿದರು. ಮುಖ ಬದಲಾಯಿತು. ಕೂಡಲೇ ಅದನ್ನು ತೆಗೆದು ನನ್ನ ಕೈಗಿತ್ತು, ‘ಇದರಲ್ಲಿ ಬೇಡಮ್ಮ. ತಲೆಯೊಳಗೆ ಕುಳಿತು ಹಾಡಿದ ಹಾಗಾಗುತ್ತದೆ. ಅವಳು ನಡುಮನೆಯಲ್ಲಿ ಕುಳಿತು ಹಾಡುತ್ತಿದ್ದಳು’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೆಟ್ಟಿಗೆಯನ್ನು ರಿಪೇರಿ ಮಾಡುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಪೆಟ್ಟಿಗೆಯ ಒಳಗಿನ ರಚನೆಯನ್ನು ಸ್ವಲ್ಪ ಹೇಳಬೇಕು. ಕಾಂತದ ನಡುವೆ ತಂತಿಯ ಸುರುಳಿಯನ್ನು ತೂಗಿಬಿಟ್ಟು, ಅದಕ್ಕೆ ಅಂಟಿಸಿದ ಕಾಗದದ ಶಂಕುವನ್ನು ನಡುಗಿಸಿ ಧ್ವನಿ ಹೊರಡಿಸುವ ಉಪಾಯವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ವಿವರಿಸಿದರು. ಇಂದಿನ ಬಹುಪಾಲು ಪೆಟ್ಟಿಗೆಗಳು ಅದರ ಸಂತತಿಯೇ. ಆದರೆ ಒಂದೇ ಶಂಕುವಿನಿಂದ ಮೃದಂಗದ ಗುಮುಕಿ ಮತ್ತು ತಾಳದ ಝಣತ್ಕಾರ ಎರಡನ್ನೂ ಸಮನಾಗಿ ಹೊರಡಿಸುವುದು ಕಷ್ಟ. ಒರಳುಕಲ್ಲಿನ ಗುಂಡಿನಿಂದ ಏಲಕ್ಕಿಯನ್ನೂ, ಪುಟ್ಟ ಕುಟ್ಟಾಣಿಯಿಂದ ಇಡ್ಲಿಯ ಹಿಟ್ಟನ್ನೂ ಅರೆಯಲಾದೀತೆ? ಆದುದರಿಂದ ಪೆಟ್ಟಿಗೆಯಲ್ಲಿ ಎರಡು ಬಾಯಿಗಳನ್ನಿಡುತ್ತಾರೆ. ದೊಡ್ಡದು ವೂಫರು, ತಗ್ಗುಧ್ವನಿಗಳಿಗೆ. ಚಿಕ್ಕದು ಟ್ವೀಟರು, ಮೇಲುಧ್ವನಿಗಳಿಗೆ. ಯಾವುದು ಯಾರಿಗೆ ಸಲ್ಲಬೇಕೆಂದು ವಿಂಗಡಿಸಿ ಕಳಿಸುವ ಜರಡಿಯೇ ಕ್ರಾಸೋವರು.

ಈ ಜರಡಿಯಲ್ಲಿ ಮುಖ್ಯವಾಗಿ ಎರಡು ಸಾಮಾನುಗಳಿರುತ್ತವೆ. ತಾಮ್ರದ ತಂತಿಯ ಸುರುಳಿಯು ಮೇಲುಧ್ವನಿಯನ್ನು ತಡೆದು ತಗ್ಗುಧ್ವನಿಯನ್ನು ವೂಫರಿಗೆ ಬಿಡುತ್ತದೆ. ಕೆಪಾಸಿಟರು ಇದಕ್ಕೆ ವಿರುದ್ಧವಾಗಿ ತಗ್ಗುಧ್ವನಿಯನ್ನು ತಡೆದು ಮೇಲುಧ್ವನಿಯನ್ನು ಟ್ವೀಟರಿಗೆ ಬಿಡುತ್ತದೆ. ನಮ್ಮ ಪೆಟ್ಟಿಗೆಯ ಟ್ವೀಟರು 8 ಓಮಿನದು. ಅದರ ಕೆಪಾಸಿಟರಿನ ಮೇಲೆ 4.7 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಈ ಎರಡು ಸಂಖ್ಯೆಗಳಿಂದ ಲೆಕ್ಕ ಹಾಕಿದರೆ, ಸೆಕೆಂಡಿಗೆ ಸುಮಾರು 4,200 ಕಂಪನಗಳ ಆಚೆಯ ಧ್ವನಿಯೆಲ್ಲ ಟ್ವೀಟರಿನ ಪಾಲು ಎಂದಾಗುತ್ತದೆ. ಹಾಡುವವರ ಮೂಲಸ್ವರ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ಹಾಗಾದರೆ ಅಲ್ಲೇನಿದೆ? ಸಕಾರ ಶಕಾರಗಳ ಸುಯ್ಲು ಇದೆ, ತಂಬೂರಿಯ ಝೇಂಕಾರವಿದೆ.

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆಯನ್ನು ಸಿಕ್ಕಿಸುವುದನ್ನು ವಾಚಕರು ನೋಡಿರಬಹುದು. ಅದಕ್ಕೆ ಜೀವಾಳವೆಂದು ಹೆಸರು. ಆ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ತಂತಿಗೆ ಜೀವ ಬರುತ್ತದೆ, ಹೋಗುತ್ತದೆ. ಸರ್ ಸಿ. ವಿ. ರಾಮನ್ನರು ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ತಂಬೂರಿ ವೀಣೆಗಳ ಮೇಲೆ ಒಂದು ಲೇಖನವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಸ್ಥಾನದಲ್ಲಿ ಮೀಟುತ್ತೇವೆಯೋ ಅದಕ್ಕನುಸಾರವಾಗಿ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಆ ಉಪಸ್ವರಗಳೂ ಗಟ್ಟಿಯಾಗಿ ಕೇಳಿಬರುತ್ತವೆಂಬುದನ್ನು ಅವರು ತೋರಿಸಿದರು. ಬಾಗಿದ ಕುದುರೆ ಮತ್ತು ಆ ನೂಲಿನೆಳೆಗಳ ಮಹಿಮೆಯದು. ಹೆಂಗಸರ ಶ್ರುತಿಯ ಸಾರಣಿ ತಂತಿಯು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುವುದೆಂದಿಟ್ಟುಕೊಂಡರೆ, ಅದರ ಇಪ್ಪತ್ತನೆಯ ಉಪಸ್ವರ 4,000ಕ್ಕೂ, ಮೂವತ್ತನೆಯದು 6,000ಕ್ಕೂ ಬರುತ್ತದೆ. ಈ ಮೇಲುಮೇಲಿನ ಉಪಸ್ವರಗಳೇ ಝೇಂಕಾರದ ಹೊಳಪು. ಅವನ್ನು ಟ್ವೀಟರಿಗೆ ಒಯ್ಯುವ ಕೆಪಾಸಿಟರು ಕೆಟ್ಟರೆ, ನೂಲನ್ನು ಕಿತ್ತ ತಂಬೂರಿಯಂತೆಯೇ ಆಗುತ್ತದೆ. ‘ಜೀವಾಳ ಹೋಗಿದೆ’ ಎಂದು ಮಾವನವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರು ಕಂಡುಕೊಂಡ ರೋಗ ಸರಿಯಾದುದೇ. ರೋಗಿ ಯಾರೆಂಬುದರಲ್ಲಿ ಮಾತ್ರ ತಪ್ಪಿದ್ದರು.

ಒಂದು ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ, ತಂತಿಗಳನ್ನೆಲ್ಲ ಕಳಚಿ, ವೂಫರಿನ ಸ್ಕ್ರೂಗಳನ್ನು ಬಿಚ್ಚಿದೆನು. ಒಳಗೆ ಮೂವತ್ತೊಂಬತ್ತು ವರ್ಷದ ಧೂಳು, ಒಂದು ಸತ್ತ ಹಲ್ಲಿ, ಹಲಗೆಯ ತುಂಡಿನ ಮೇಲೆ ಬೆಸೆದ ಕ್ರಾಸೋವರು. ಕೆಪಾಸಿಟರು ಎಲೆಕ್ಟ್ರೋಲಿಟಿಕ್ ಜಾತಿಯದು. ಅಲ್ಯೂಮಿನಿಯಮ್ಮಿನ ತೆಳುಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು, ಸುರುಳಿ ಸುತ್ತಿ, ಡಬ್ಬಿಯಲ್ಲಿ ಅಡಕಿ ಇದನ್ನು ಮಾಡುತ್ತಾರೆ. ಅಗ್ಗ, ಚಿಕ್ಕದು, ಆದರೆ ಮುಚ್ಚಳ ಬಿಗಿಯಿಲ್ಲದ ಉಪ್ಪಿನಕಾಯಿ ಜಾಡಿಯ ರಸದಂತೆ ಒಳಗಿನ ದ್ರವವು ವರ್ಷಗಳು ಕಳೆದಂತೆ ಇಂಗಿಹೋಗುತ್ತದೆ. ಆಗ ಅದರ ಸಾಮರ್ಥ್ಯ ಕುಗ್ಗುತ್ತದೆ. ಒಳಗಿನ ಅಡ್ಡಿ ಹೆಚ್ಚುತ್ತದೆ. ಎರಡು ಪೆಟ್ಟಿಗೆಗಳ ಕೆಪಾಸಿಟರುಗಳನ್ನೂ ಬಿಡಿಸಿ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಗೆ ಒಯ್ದು ಅಳೆದೆನು. 4.7 ಇರಬೇಕಾದದ್ದು ಬಲಗಡೆಯದರಲ್ಲಿ 3.6 ಇತ್ತು, ಎಡಗಡೆಯದರಲ್ಲಿ 1.9 ಮಾತ್ರ. ಎಡಗಡೆಯದರ ಒಳಗಿನ ಅಡ್ಡಿ 9 ಓಮಿನಷ್ಟಿತ್ತು. ಎಂದರೆ ಟ್ವೀಟರಿಗಿಂತ ಕೆಪಾಸಿಟರೇ ಹೆಚ್ಚಾಗಿ ನುಂಗುತ್ತಿತ್ತು! ಎಡಗಡೆಯ ಪೆಟ್ಟಿಗೆ ಪಶ್ಚಿಮದ ಕಿಟಕಿಯ ಬದಿಯಲ್ಲಿದೆ. ಮೂವತ್ತೊಂಬತ್ತು ಬೇಸಿಗೆಗಳ ಇಳಿಬಿಸಿಲು ಅದರ ಮೇಲೆ ಬಿದ್ದಿದೆ. ಕಾವು ಹೆಚ್ಚಿದಷ್ಟೂ ಇಂಗುವುದು ಬೇಗ. ಮಾವನವರ ಬೆತ್ತದ ಕುರ್ಚಿ ಇರುವುದೂ ಆ ಪೆಟ್ಟಿಗೆಯ ಎದುರಿನಲ್ಲಿಯೇ.

ಈ ಸುದ್ದಿಯನ್ನು ಬೆಂಗಳೂರಿನಲ್ಲಿರುವ ಮೈದುನನಿಗೆ ತಿಳಿಸಿದುದು ನನ್ನ ತಪ್ಪೋ ಒಪ್ಪೋ ಹೇಳಲಾರೆ. ಅವನಿಗೆ ಈ ವಿಷಯದಲ್ಲಿ ವಿಪರೀತ ಉತ್ಸಾಹ. ‘ಅತ್ತಿಗೆ, ಮಾಡುವುದಾದರೆ ಸರಿಯಾಗಿ ಮಾಡೋಣ. ವಿದೇಶದ ಕೆಪಾಸಿಟರು ತರಿಸುತ್ತೇನೆ. ಸುರುಳಿಯನ್ನೂ ಬದಲಾಯಿಸೋಣ; ದಪ್ಪ ತಂತಿಯದು ಹಾಕೋಣ’ ಎಂದನು. ನಾನು ಸುರುಳಿಯ ವಿಷಯದಲ್ಲಿ ಒಪ್ಪಲಿಲ್ಲ. ತಾಮ್ರ ಇಂಗುವ ವಸ್ತುವಲ್ಲ; ಅಳೆದು ನೋಡಿದಾಗ ಎರಡೂ ಸಮನಾಗಿದ್ದುವು. ಅಲ್ಲದೆ ಆ ಸುರುಳಿಯ ಸಣ್ಣ ಅಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿದವರು ತಗ್ಗುಧ್ವನಿಯನ್ನು ಹದಗೊಳಿಸಿರುತ್ತಾರೆ. ಕೆಡದುದನ್ನು ಬದಲಾಯಿಸಿದರೆ ರಿಪೇರಿಯಾಗುವುದಿಲ್ಲ, ಬೇರೆಯೇ ಪೆಟ್ಟಿಗೆಯಾಗುತ್ತದೆ. ಕೊನೆಗೆ ಒಪ್ಪಂದವಾಯಿತು. ಅವನು ತನ್ನ ಇಷ್ಟದ ಕೆಪಾಸಿಟರುಗಳನ್ನು ತರುವುದು, ನಾನು ಎಸ್. ಪಿ. ರಸ್ತೆಯ ಅಂಗಡಿಯಿಂದ ಸಾಮಾನ್ಯವಾದುವನ್ನು ತರುವುದು, ಕೇಳಿ ತೀರ್ಮಾನಿಸುವುದು. ಅವನವು ಒಂದೊಂದಕ್ಕೆ ನಾಲ್ಕು ಸಾವಿರ ರೂಪಾಯಿ. ನನ್ನವು ಪಾಲಿಪ್ರೊಪಿಲೀನ್ ಹಾಳೆಯವು, ಎರಡೂ ಸೇರಿ ಇನ್ನೂರು ರೂಪಾಯಿಗೆ ಒಳಗೆ. ಈ ಜಾತಿಯಲ್ಲಿ ದ್ರವವಿಲ್ಲ. ಆದಕಾರಣ ಇಂಗುವ ಭಯವೂ ಇಲ್ಲ.

ಮೊದಲು ನನ್ನವನ್ನೇ ಬೆಸೆದೆನು. ಎಲ್ಲರೂ ಕುಳಿತರು. ಕ್ಯಾಸೆಟ್ಟು ತಿರುಗಿತು. ಅಯ್ಯೋ, ಏನೆಂದು ಹೇಳಲಿ! ತಂಬೂರಿಯ ಬದಲು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತಾಯಿತು. ಒಂದೊಂದು ಸಕಾರವೂ ಸೂಜಿಯಂತೆ ಕಿವಿಗೆ ಚುಚ್ಚಿತು. ಮಗಳು ಕಿವಿ ಮುಚ್ಚಿಕೊಂಡಳು. ಮಾವನವರು ಮೆಲ್ಲನೆ, ‘ಒಗ್ಗರಣೆ ಜಾಸ್ತಿಯಾಯಿತಮ್ಮ’ ಎಂದರು. ಮೈದುನನು, ‘ನಾನು ಹೇಳಲಿಲ್ಲವೇ? ಅಗ್ಗದ ಕೆಪಾಸಿಟರಿನ ಗುಣವೇ ಇದು’ ಎಂದು ಗೆದ್ದವನಂತೆ ನಕ್ಕನು. ಅವನು ತಂದುದನ್ನು ಬೆಸೆದೆವು. ಅದೂ ಹಾಗೆಯೇ ಸಿಡಿಯಿತು. ಆಗ ಅವನ ನಗು ನಿಂತಿತು.

ರಾತ್ರಿಯೆಲ್ಲ ಯೋಚಿಸಿದೆನು. ಬೆಳಿಗ್ಗೆ ಆಂಪ್ಲಿಫೈಯರಿನ ಧೂಳು ಒರಸುವಾಗ ಕಾರಣ ಕೈಗೇ ಸಿಕ್ಕಿತು. ಮೇಲುಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ತಿರುಗಣೆಯು ಕೊನೆಯ ಮಟ್ಟಕ್ಕೆ ತಿರುಗಿ ನಿಂತಿತ್ತು! ವಿಚಾರಿಸಲಾಗಿ ಮಾವನವರು ಸಂಕೋಚದಿಂದ ಒಪ್ಪಿಕೊಂಡರು. ವರ್ಷಕ್ಕೆ ಗುಲಗಂಜಿಯಷ್ಟು, ಒಂದೊಂದು ಹಬ್ಬಕ್ಕೆ ಒಂದಿಷ್ಟು, ಅದನ್ನು ತಿರುಗಿಸುತ್ತ ಬಂದಿದ್ದರಂತೆ. ಇನ್ನು ತಿರುಗುವುದಿಲ್ಲವೆಂದಾದ ವರ್ಷವೇ ಹಾಡು ಕೇಳುವುದನ್ನು ನಿಲ್ಲಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಆ ತಿರುಗಣೆಯ ಮೇಲಿನ ಬಿಳಿಯ ಗೆರೆಯನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆನು. ಕೆಲವು ವರ್ಷಗಳ ಕಾಲ ಒಬ್ಬರು ಕತ್ತಲಲ್ಲಿ ಒಂಟಿಯಾಗಿ ಹುಡುಕಿದುದರ ಗುರುತಾಗಿತ್ತದು.

ತಿರುಗಣೆಯನ್ನು ನಡುವಿಗೆ ತಂದಮೇಲೆ ಧ್ವನಿ ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿನ ಮೊನಚಿಗೆ ಬೇರೆ ಕಾರಣವಿತ್ತು. ಹಳೆಯ ಜಾತಿಯ ಕೆಪಾಸಿಟರಿಗೆ ಹೊಸದಾಗಿದ್ದಾಗಲೂ ಅಷ್ಟಿಷ್ಟು ಅಡ್ಡಿ ಇರುತ್ತದೆ. ಹಾಳೆಯ ಜಾತಿಯದಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮಾಡಿದವರು ಆ ಅಡ್ಡಿಯನ್ನೂ ಸೇರಿಸಿಕೊಂಡೇ ಹದ ಹಿಡಿದಿದ್ದರು. ಆದುದರಿಂದ ಕೆಪಾಸಿಟರಿನ ಸಾಲಿನಲ್ಲಿ 1 ಓಮಿನ ರೆಸಿಸ್ಟರೊಂದನ್ನು ಸೇರಿಸಿದೆನು. ಅದರಿಂದ ಟ್ವೀಟರಿನ ಧ್ವನಿ ಸುಮಾರು 1 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಸಾರಿಗೆ ಒಂದು ಚಿಟಿಕೆ ಬೆಲ್ಲ ಹಾಕಿದಂತೆ. ಇದೆಯೆಂದು ತಿಳಿಯುವುದಿಲ್ಲ, ಇಲ್ಲದಿದ್ದರೆ ತಿಳಿಯುತ್ತದೆ.

ಇನ್ನು ಇನ್ನೂರು ರೂಪಾಯಿಗೂ ಎಂಟು ಸಾವಿರಕ್ಕೂ ನಡೆದ ವ್ಯಾಜ್ಯ. ಒಂದು ಪೆಟ್ಟಿಗೆಗೆ ನನ್ನದನ್ನೂ ಇನ್ನೊಂದಕ್ಕೆ ಅವನದನ್ನೂ ಹಾಕಿ, ಪೆಟ್ಟಿಗೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಎದುರಿಗೆ ಹೊದಿಕೆಯೊಂದನ್ನು ಇಳಿಬಿಟ್ಟೆವು. ಮಗಳು ಹಿಂದೆ ನಿಂತು, ನಾಣ್ಯ ಚಿಮ್ಮಿ, ಬಂದಂತೆ ಒಂದೊಂದನ್ನು ಹಾಡಿಸಿದಳು. ನಡುನಡುವೆ ಪೆಟ್ಟಿಗೆಗಳ ಸ್ಥಾನವನ್ನೂ ಬದಲಾಯಿಸಿದಳು. ಹತ್ತು ಸಲದಲ್ಲಿ ಮೈದುನನು ತನ್ನದನ್ನು ಐದು ಸಲ ಸರಿಯಾಗಿ ಗುರುತಿಸಿದನು. ನಾನು ನಾಲ್ಕು ಸಲ. ನಾಣ್ಯವನ್ನೇ ಕೇಳಿದ್ದರೂ ಅಷ್ಟೇ ಹೇಳುತ್ತಿತ್ತು. ಬಡಪಾಯಿ ಮೈದುನನು ಉದಾರಿ. ತಾನೇ ನಕ್ಕು ಕೆಪಾಸಿಟರುಗಳನ್ನು ಹಿಂದಕ್ಕೆ ತೆಗೆದುಕೊಂಡನು. ಅಳತೆ ಸರಿಯಿದ್ದು, ಜಾತಿ ಒಳ್ಳೆಯದಾಗಿದ್ದರೆ, ಅದರಾಚೆಗೆ ತೆತ್ತ ಹಣ ಕಿವಿಗೆ ಸೇರುವುದಿಲ್ಲ, ಮನಸ್ಸಿಗೆ ಸೇರಬಹುದು. ಇದು ನಮ್ಮ ಮನೆಯ ಅನುಭವ.

ಇದನ್ನೋದಿ ತಮ್ಮ ಮನೆಯ ಹಳೆಯ ಪೆಟ್ಟಿಗೆಗೆ ಕೈಹಾಕುವವರಿಗೆ ಎರಡು ಮಾತು. ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತೆಂಬುದರ ಚಿತ್ರವನ್ನು ತೆಗೆದಿಟ್ಟುಕೊಳ್ಳಿ. ನಾನು ಒಂದು ಪೆಟ್ಟಿಗೆಯ ವೂಫರಿನ ತಂತಿಗಳನ್ನು ತಲೆಕೆಳಗು ಮಾಡಿ, ಮೃದಂಗದ ತೊಪ್ಪಿ ಎಲ್ಲಿ ಹೋಯಿತೆಂದು ಅರ್ಧ ದಿನ ಹುಡುಕಿದೆನು. ಎರಡು ಪೆಟ್ಟಿಗೆಗಳು ಒಂದಕ್ಕೊಂದು ಎದುರಾಗಿ ದುಡಿದು ತಗ್ಗುಧ್ವನಿಯನ್ನು ಹೊಡೆದುಹಾಕುತ್ತಿದ್ದುವು. ಕೆಪಾಸಿಟರನ್ನು ಬಿಟ್ಟು ಟ್ವೀಟರನ್ನು ನೇರವಾಗಿ ಜೋಡಿಸಬೇಡಿ. ಅದರ ಕೂದಲೆಳೆಯಂಥ ತಂತಿ ಸುಟ್ಟುಹೋದೀತು. ಮನೆಯ ವಿದ್ಯುತ್ತು ಬರುವ ಆಂಪ್ಲಿಫೈಯರಿನ ಒಳಕ್ಕೆ ಮಾತ್ರ, ಅರಿಯದವರು ಕೈಹಾಕಲೇಕೂಡದು.

ಪೆಟ್ಟಿಗೆ ಸರಿಹೋದಮೇಲೆ ನಾನು ಇನ್ನೊಂದು ಕೆಲಸ ಮಾಡಿದೆನು. ಮಾವನವರನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆನು. ಪೆಟ್ಟಿಗೆಯನ್ನು ಅಳೆದವಳು ಕಿವಿಯನ್ನು ಅಳೆಯಿಸದಿದ್ದರೆ ಅದೂ ಪಕ್ಷಪಾತವಾದೀತು. ಸದ್ದು ಹೊಗದ ಕೋಣೆಯಲ್ಲಿ ಕುಳ್ಳಿರಿಸಿ ಪರೀಕ್ಷಿಸಿ ಒಂದು ನಕ್ಷೆಯನ್ನು ಕೊಟ್ಟರು. ಸೆಕೆಂಡಿಗೆ 2,000 ಕಂಪನದವರೆಗೆ ಗೆರೆ ಹೆಚ್ಚು ಇಳಿದಿರಲಿಲ್ಲ; 4,000ದಲ್ಲಿ ಬಾಗಿತ್ತು; 8,000ದಲ್ಲಿ ಚೆನ್ನಾಗಿ ಇಳಿದಿತ್ತು. ವಯಸ್ಸಾದಂತೆ ಮೇಲುಧ್ವನಿಯೇ ಮೊದಲು ಹೋಗುವುದು ಸ್ವಾಭಾವಿಕವೆಂದು ತಿಳಿಸಿದರು. ಹಾಗಾದರೆ ಕಿವಿಯೂ ತೀರ ನಿರಪರಾಧಿಯಲ್ಲ. ಟೇಪು ಒಂದಿಷ್ಟು, ಕಿವಿ ಒಂದಿಷ್ಟು, ಪೆಟ್ಟಿಗೆ ಬಹಳಷ್ಟು. ಹೀಗೆ ಮೂವರೂ ಸೇರಿ ಜೀವಾಳವನ್ನು ಕದ್ದಿದ್ದರು. ಮೂವರೂ ಕದಿಯುತ್ತಿದ್ದುದು ಒಂದೇ ಗೂಡಿನಿಂದಾದುದರಿಂದ ಯಾರ ಪಾಲು ಎಷ್ಟೆಂಬುದು ಅಳೆಯುವವರೆಗೆ ತಿಳಿಯಲಿಲ್ಲ. ನಾವು ಮಾಡಿದ ತಪ್ಪೇನೆಂದರೆ ಎಲ್ಲವನ್ನೂ ವಯಸ್ಸಿನ ಖಾತೆಗೆ ಬರೆದುದು. ಆ ಖಾತೆಗೆ ಬರೆದುದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ; ಅದೇ ಅದರ ಅಪಾಯ.

ಆ ವರ್ಷದ ಗೌರಿಹಬ್ಬ ಬಂದಿತು. ದೀಪ ಹಚ್ಚಿದೆವು. ಮಾವನವರು ಬೆತ್ತದ ಕುರ್ಚಿಯಲ್ಲಿ ಕುಳಿತರು. ಮೊದಲು ತಂಬೂರಿ ಹೊರಟಿತು. ಪಂಚಮ, ಸಾರಣಿ, ಅನುಸಾರಣಿ, ಮಂದ್ರ; ನಡುಮನೆಯ ಮೂಲೆಮೂಲೆಗಳೂ ತುಂಬಿದುವು. ಹಾಡಿಗೆ ಮುಂಚೆ ಅತ್ತೆಯವರು ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಅದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹಾಡು ಮುಗಿಯುವವರೆಗೆ ಮಾವನವರು ಅಲ್ಲಾಡಲಿಲ್ಲ. ಬೆರಳುಗಳು ಮಾತ್ರ ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದುವು.

ಹಾಡು ಮುಗಿದಮೇಲೆ ನಾನು, ‘ಮಾವ, ಈಗ ತಂಬೂರಿ ಪೂರ್ತಿಯಾಗಿ ಕೇಳಿಸುತ್ತದೆಯೆ?’ ಎಂದು ಕೇಳಿದೆನು.

ಅವರು ಸುಳ್ಳು ಹೇಳುವವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೂರ್ತಿಯಾಗಿ ಇಲ್ಲಮ್ಮ. ಒಂದು ಹಿಡಿ ಕಡಿಮೆಯೇ. ಆದರೆ ಅದು ನನ್ನದು. ಅದರ ಲೆಕ್ಕ ನನಗೇ ಇರಲಿ. ಪೆಟ್ಟಿಗೆಯ ಪಾಲನ್ನೂ ನಾನೇ ಹೊತ್ತಿದ್ದೆನಲ್ಲ, ಅದು ಇಳಿಯಿತು’ ಎಂದರು. ಮತ್ತೆ ಸ್ವಲ್ಪ ತಡೆದು, ‘ಬರುವ ರಾಮನವಮಿಗೆ ಮಂದಿರದಲ್ಲಿ ಯಾರ ಯಾರ ಕಚೇರಿ ಇದೆಯೆಂದು ವಿಚಾರಿಸಿಕೊಂಡು ಬಾ’ ಎಂದು ಮೊಮ್ಮಗಳಿಗೆ ಹೇಳಿದರು. ರಾಮನವಮಿಗೆ ಇನ್ನೂ ಏಳು ತಿಂಗಳಿತ್ತು.

ಮುದುಕರು ‘ನನಗೆ ವಯಸ್ಸಾಯಿತು’ ಎಂದಾಗ ಹೌದೆನ್ನುವ ಮೊದಲು ಮನೆಯ ದೀಪವನ್ನು ಒರಸಿ ನೋಡೋಣ, ಉಪ್ಪಿನ ಡಬ್ಬಿಯನ್ನು ತೆರೆದು ನೋಡೋಣ, ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ನೋಡೋಣ. ವಯಸ್ಸಿನ ಪಾಲು ವಯಸ್ಸಿಗೆ ಸಲ್ಲಲಿ; ಅದು ಹೇಗೂ ಬಿಡುವುದಿಲ್ಲ. ಆದರೆ ಇನ್ನೂರು ರೂಪಾಯಿಯ ಸಾಮಾನಿನ ತಪ್ಪನ್ನು ಹಿರಿಯರು ತಮ್ಮ ತಲೆಯ ಮೇಲೆ ಹೊತ್ತುಕೊಂಡು ಮೂಲೆಯಲ್ಲಿ ಕೂಡಬೇಕಾದುದಿಲ್ಲ.